ಆಟಕ್ಕುಂಟು ಲೆಕ್ಕಕ್ಕಿಲ್ಲ

ಮಕ್ಕಳು ಬೀದಿಯಲ್ಲಿ ಆಟಕ್ಕೆ ನಿಂತಾಗ ಯಾರಾದರೊಬ್ಬರ ಪುಟ್ಟ ತಮ್ಮನೋ ತಂಗಿಯೋ 'ನಾನೂ ಬರುತ್ತೇನೆ' ಎಂದು ಹಟ ಹಿಡಿಯುವುದುಂಟು. ಬೇಡವೆಂದರೆ ಮಗು ಅಳುತ್ತದೆ. ಅತ್ತರೆ ಒಳಗಿನಿಂದ ತಾಯಿಯ ಗದರಿಕೆ ಕೇಳಿಬರುತ್ತದೆ. ಸೇರಿಸಿಕೊಂಡರೆ ಆಟ ಕೆಡುತ್ತದೆ. ಈ ಸಂಕಟಕ್ಕೆ ನಮ್ಮ ಮಕ್ಕಳು ಬಹಳ ಹಿಂದೆಯೇ ಒಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಮಗುವನ್ನು ಸೇರಿಸಿಕೊಳ್ಳುತ್ತಾರೆ. ಅದು ಎಲ್ಲರೊಡನೆ ಓಡುತ್ತದೆ, ಕೂಗುತ್ತದೆ, ಕಂಬದ ಮರೆಯಲ್ಲಿ ಅಡಗುತ್ತದೆ. ಆದರೆ ಅದು ಸಿಕ್ಕಿಬಿದ್ದರೂ ಔಟಲ್ಲ. ಅದು ಮುಟ್ಟಿದರೂ ಯಾರೂ ಔಟಲ್ಲ. ಮಗು ಆಟಕ್ಕುಂಟು, ಲೆಕ್ಕಕ್ಕಿಲ್ಲ.

ಇದು ದಯೆಯೋ, ವಂಚನೆಯೋ? ಮಗುವಿಗೆ ಸಂತೋಷವಾಯಿತು, ಆಟವೂ ಕೆಡಲಿಲ್ಲ, ತಾಯಿಗೂ ಸಮಾಧಾನವಾಯಿತು. ಯಾರಿಗೂ ನಷ್ಟವಿಲ್ಲದ ಏರ್ಪಾಡನ್ನು ವಂಚನೆಯೆನ್ನುವುದು ಹೇಗೆ? ಆದರೂ ಈ ಸಂತೋಷ ನಿಂತಿರುವುದು ಮಗುವಿಗೆ ತನ್ನ ಸ್ಥಿತಿ ತಿಳಿಯದೆ ಇರುವುದರ ಮೇಲೆ. ತಿಳಿದ ದಿನ ಅದು ಆಟ ಬಿಟ್ಟು ಹೋಗುತ್ತದೆ, ಇಲ್ಲವೆ ಜಗಳ ತೆಗೆಯುತ್ತದೆ. ಮಕ್ಕಳ ಮಾತು ಹಾಗಿರಲಿ. ದೊಡ್ಡವರು, ಅದರಲ್ಲಿಯೂ ರಾಜ್ಯಗಳನ್ನು ಆಳುವ ದೊಡ್ಡವರು, ಒಂದು ಮೇಜಿನ ಸುತ್ತ ಕುಳಿತು ಹೀಗೆಯೇ ಮಾಡಿದರೆ ಏನೆನ್ನಬೇಕು? ಹಾಗೆ ಮಾಡಿದ್ದುಂಟು, ಅದೂ ಕಾನೂನಿನ ಭಾಷೆಯಲ್ಲಿ ಬರೆದು, ಸಹಿ ಹಾಕಿ.

ಎರಡನೆಯ ಮಹಾಯುದ್ಧದಲ್ಲಿ ಬೆಂದು ಬಳಲಿದ ಪಶ್ಚಿಮ ಯೂರೋಪಿನ ಆರು ದೇಶಗಳು ೧೯೫೭ರ ಮಾರ್ಚ್ ೨೫ರಂದು ರೋಮ್ ನಗರದಲ್ಲಿ ಒಂದು ಒಪ್ಪಂದ ಮಾಡಿಕೊಂಡು ಯೂರೋಪಿನ ಆರ್ಥಿಕ ಸಮುದಾಯವನ್ನು ಕಟ್ಟಿದವು. ಮರುವರ್ಷದ ಜನವರಿ ೧ರಿಂದ ಅದು ಜಾರಿಗೆ ಬಂತು. ಪ್ರತಿಯೊಂದು ದೇಶವೂ ತನ್ನ ಅಧಿಕಾರದ ಒಂದು ಪಾಲನ್ನು ತನಗೆ ಮೇಲಾದ ಒಂದು ಮಂಡಲಿಗೆ ಬಿಟ್ಟುಕೊಡಬೇಕೆಂಬುದು ಅದರ ತಿರುಳು. ಹಾಗೆ ಬಿಟ್ಟುಕೊಟ್ಟ ಮೇಲೆ ಆ ಮಂಡಲಿಯಲ್ಲಿ ಯಾರ ಕೈಗೆ ಎಷ್ಟು ಬಲ ಎಂಬ ಪ್ರಶ್ನೆ ಬರಲೇಬೇಕಷ್ಟೆ. ಎಲ್ಲರಿಗೂ ಒಂದೊಂದೇ ಮತವೆಂದರೆ ಸುಮಾರು ಐದೂವರೆ ಕೋಟಿ ಜನರಿದ್ದ ಪಶ್ಚಿಮ ಜರ್ಮನಿಯೂ ಮೂರು ಲಕ್ಷ ಜನರ ಲಕ್ಸೆಂಬರ್ಗೂ ಸಮವಾಗುತ್ತವೆ. ಜನಸಂಖ್ಯೆಯಂತೆ ಮತವೆಂದರೆ ಲಕ್ಸೆಂಬರ್ಗಿನ ಹೆಸರು ಬರೆಯಲೂ ಜಾಗವುಳಿಯುವುದಿಲ್ಲ. ಆದಕಾರಣ ಮಧ್ಯದ ದಾರಿಯೊಂದನ್ನು ಹಿಡಿದರು. ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿಗಳಿಗೆ ನಾಲ್ಕು ನಾಲ್ಕು ಮತ; ಬೆಲ್ಜಿಯಂ, ನೆದರ್ಲೆಂಡ್ಸ್‌ಗಳಿಗೆ ಎರಡೆರಡು; ಲಕ್ಸೆಂಬರ್ಗಿಗೆ ಒಂದು. ಒಟ್ಟು ಹದಿನೇಳು. ಸಮುದಾಯದ ಆಯೋಗವು ಮುಂದಿಟ್ಟ ಪ್ರಸ್ತಾವವೊಂದು ಬಹುಮತದಿಂದ ಗೆಲ್ಲಬೇಕಾದರೆ ಹನ್ನೆರಡು ಮತ ಬೀಳಬೇಕು.

ಹೊರನೋಟಕ್ಕೆ ಇದು ಔದಾರ್ಯ. ಆರೂ ದೇಶಗಳ ಜನರಲ್ಲಿ ಐನೂರಕ್ಕೆ ಒಬ್ಬರನ್ನೂ ಕೊಡದ ಪುಟ್ಟ ನಾಡಿಗೆ ಹದಿನೇಳರಲ್ಲಿ ಒಂದು ಮತ! ಜರ್ಮನಿಯವನೊಬ್ಬನ ಪಾಲಿಗೆ ಬಂದದ್ದಕ್ಕಿಂತ ಲಕ್ಸೆಂಬರ್ಗಿನವನ ಪಾಲು ಎಷ್ಟೋ ಪಟ್ಟು ದೊಡ್ಡದು. ಆದರೆ ಓದುಗರು ಒಂದು ಚೂರು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಲಿ. ಲಕ್ಸೆಂಬರ್ಗನ್ನು ಬಿಟ್ಟರೆ ಉಳಿದವರ ಮತಗಳು ನಾಲ್ಕು, ನಾಲ್ಕು, ನಾಲ್ಕು, ಎರಡು, ಎರಡು. ಎಲ್ಲವೂ ಸಮಸಂಖ್ಯೆಗಳು. ಅವನ್ನು ಯಾವ ರೀತಿಯಲ್ಲಿ ಕೂಡಿದರೂ ಹತ್ತು ಬಂದೀತು, ಹನ್ನೆರಡು ಬಂದೀತು, ಹನ್ನೊಂದು ಬರುವಂತಿಲ್ಲ. ಹನ್ನೆರಡಿದ್ದರೆ ಲಕ್ಸೆಂಬರ್ಗಿನ ಮತ ಬೇಕಾಗಿಯೇ ಇಲ್ಲ. ಹತ್ತಿದ್ದರೆ ಅದು ಸೇರಿದರೂ ಹನ್ನೊಂದಾಗಿ ಪ್ರಸ್ತಾವ ಸೋಲುತ್ತದೆ. ಲಕ್ಸೆಂಬರ್ಗಿನ ಕೈ ಮೇಲೆದ್ದರೂ ಒಂದೇ, ಕೆಳಗಿದ್ದರೂ ಒಂದೇ. ಇಂಥ ಪ್ರಸ್ತಾವಗಳ ಮಟ್ಟಿಗೆ ೧೯೫೮ರಿಂದ ೧೯೭೨ರ ವರೆಗೆ ಹದಿನೈದು ವರ್ಷ ಆ ದೇಶ ಆಟಕ್ಕಿತ್ತು, ಲೆಕ್ಕಕ್ಕಿರಲಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬಹು ಮುಖ್ಯವಾದ ಎಷ್ಟೋ ವಿಷಯಗಳಿಗೆ ಆರು ದೇಶಗಳ ಸರ್ವಾನುಮತವೇ ಬೇಕಾಗಿತ್ತು. ಅಲ್ಲಿ ಲಕ್ಸೆಂಬರ್ಗಿನ 'ಇಲ್ಲ' ಜರ್ಮನಿಯ 'ಇಲ್ಲ'ಕ್ಕೆ ಸಮನಾಗಿತ್ತು. ಆಯೋಗದ ಪ್ರಸ್ತಾವವಲ್ಲದ ಕೆಲವು ತೀರ್ಮಾನಗಳಿಗೆ ಹನ್ನೆರಡು ಮತಗಳಲ್ಲದೆ ನಾಲ್ಕು ದೇಶಗಳ ಒಪ್ಪಿಗೆಯೂ ಬೇಕಿತ್ತು. ಅಲ್ಲಿಯೂ ಅದಕ್ಕೆ ಬೆಲೆಯಿತ್ತು. ಆದರೆ ಸರ್ವಾನುಮತದಿಂದ ಬಹುಮತದ ಕಡೆಗೆ ಮೆಲ್ಲಮೆಲ್ಲನೆ ಸಾಗುವುದೇ ಆ ಒಪ್ಪಂದದ ಉದ್ದೇಶವಾಗಿತ್ತು. ಅಂದರೆ ಸಮುದಾಯ ಬಲಿತಷ್ಟೂ ಲಕ್ಸೆಂಬರ್ಗ್ ಬಡವಾಗಬೇಕು.

೧೯೭೩ರಲ್ಲಿ ಬ್ರಿಟನ್, ಐರ್ಲೆಂಡ್, ಡೆನ್ಮಾರ್ಕ್ ದೇಶಗಳು ಸೇರಿದುವು. ಹೊಸ ಲೆಕ್ಕದಲ್ಲಿ ದೊಡ್ಡ ನಾಲ್ಕು ದೇಶಗಳಿಗೆ ಹತ್ತು ಹತ್ತು ಮತ, ಲಕ್ಸೆಂಬರ್ಗಿಗೆ ಎರಡು, ಒಟ್ಟು ಐವತ್ತೆಂಟು, ಗೆಲ್ಲಲು ನಲವತ್ತೊಂದು. ಹದಿನೇಳರಲ್ಲಿ ಒಂದಿದ್ದದ್ದು ಐವತ್ತೆಂಟರಲ್ಲಿ ಎರಡಾಯಿತು, ಪಾಲು ಕುಗ್ಗಿತು. ಆದರೆ ನಾಲ್ವರು ದೊಡ್ಡವರು ಒಂದಾದರೂ ನಲವತ್ತಕ್ಕೆ ನಿಲ್ಲುತ್ತಿದ್ದರು. ಆಗ ಲಕ್ಸೆಂಬರ್ಗ್ ಕೈಯೆತ್ತಿದರೆ ಪ್ರಸ್ತಾವ ಗೆಲ್ಲುತ್ತಿತ್ತು. ಪಾಲು ಇಳಿದು ಬಲ ಏರಿದ ಈ ವಿಚಿತ್ರವನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಮತ ಬೇರೆ, ಬಲ ಬೇರೆ. ಮತ ಕೈಯಲ್ಲಿರುತ್ತದೆ, ಬಲ ನಿಯಮದಲ್ಲಿರುತ್ತದೆ. ಕೈಯಲ್ಲಿರುವುದು ಎಲ್ಲರಿಗೂ ಕಾಣುತ್ತದೆ, ನಿಯಮದಲ್ಲಿರುವುದು ಲೆಕ್ಕ ಹಾಕಿದವನಿಗೆ ಮಾತ್ರ.

ಹೀಗೆ ಲೆಕ್ಕ ಹಾಕಿದವರಲ್ಲಿ ಇಂಗ್ಲೆಂಡಿನ ಲಯನೆಲ್ ಪೆನ್‌ರೋಸ್ ಮೊದಲಿಗರು. ಅವರು ವೃತ್ತಿಯಿಂದ ವೈದ್ಯರು, ಅನುವಂಶೀಯತೆಯನ್ನು ಕುರಿತು ಸಂಶೋಧನೆ ಮಾಡಿದವರು. ವಿಶ್ವಸಂಸ್ಥೆ ಹುಟ್ಟಿದ ಮರುವರ್ಷ, ೧೯೪೬ರಲ್ಲಿ, ಅವರು ಒಂದು ಪುಟ್ಟ ಪ್ರಬಂಧ ಬರೆದರು. ಒಂದು ಮತದ ಬೆಲೆಯೇನೆಂದರೆ, ಅದರಿಂದ ಫಲಿತಾಂಶ ತಿರುಗುವ ಸಂದರ್ಭ ಎಷ್ಟು ಸಲ ಬರಬಲ್ಲುದೋ ಅಷ್ಟು ಎಂಬುದು ಅವರ ವಾದ. ದೊಡ್ಡ ದೇಶದಲ್ಲಿ ಒಬ್ಬ ಪ್ರಜೆಯ ಮತದಿಂದ ತನ್ನ ದೇಶದ ನಿಲುವು ತಿರುಗುವ ಸಂಭವ ಕಡಮೆ. ಆದರೆ ಜನಸಂಖ್ಯೆ ಏರಿದಷ್ಟೇ ವೇಗದಲ್ಲಿ ಅದು ಇಳಿಯುವುದಿಲ್ಲ, ಅದರ ವರ್ಗಮೂಲದಂತೆ ಇಳಿಯುತ್ತದೆ. ಆದುದರಿಂದ ಎಲ್ಲ ದೇಶಗಳ ಪ್ರಜೆಗಳೂ ಸಮಬಲರಾಗಬೇಕಾದರೆ ನಾಲ್ಕು ಪಾಲು ದೊಡ್ಡದಾದ ದೇಶಕ್ಕೆ ನಾಲ್ಕು ಪಾಲಲ್ಲ, ಎರಡು ಪಾಲು ಬಲ ಸಾಕು.

ಈ ಗಣಿತ ಅರುವತ್ತು ವರ್ಷಗಳ ತರುವಾಯ ರಾಜಕೀಯದ ಬಿಸಿಗೆ ಬಂತು. ೨೦೦೭ರ ಜೂನಿನಲ್ಲಿ ಯೂರೋಪಿನ ಒಕ್ಕೂಟಕ್ಕೆ ಹೊಸ ಮತನಿಯಮ ಮಾಡುವಾಗ ಪೋಲೆಂಡ್ ಈ ವರ್ಗಮೂಲದ ಲೆಕ್ಕವೇ ಬೇಕೆಂದು ಪಟ್ಟು ಹಿಡಿಯಿತು. ಹಿಂದಿನ ನಿಯಮದಂತೆ ಜರ್ಮನಿಗೆ ೨೯ ಮತವಿದ್ದರೆ ಪೋಲೆಂಡಿಗೆ ೨೭ ಇತ್ತು. ಜನಸಂಖ್ಯೆಯನ್ನು ಹಿಡಿದರೆ ಎಂಟು ಕೋಟಿ ಜನರ ಜರ್ಮನಿಯ ಮುಂದೆ ನಾಲ್ಕು ಕೋಟಿಗೂ ಕಡಮೆಯಿದ್ದ ಪೋಲೆಂಡ್ ಬಹಳ ಕೆಳಗಿಳಿಯುತ್ತಿತ್ತು. ಆಗ ಪ್ರಧಾನಿಯಾಗಿದ್ದ ಯಾರೊಸ್ವಾಫ್ ಕಾಚಿನ್‌ಸ್ಕಿ ಹೇಳಿದ ಮಾತೊಂದು ಸಭೆಯನ್ನೆಲ್ಲ ಕಲಕಿತು. ೧೯೩೯ರಿಂದ ೧೯೪೫ರ ವರೆಗಿನ ಅನಾಹುತ ನಡೆಯದೆ ಇದ್ದಿದ್ದರೆ ಪೋಲೆಂಡ್ ಇಂದು ಆರು ಕೋಟಿ ಅರವತ್ತು ಲಕ್ಷ ಜನರ ನಾಡಾಗಿರುತ್ತಿತ್ತು ಎಂಬುದು ಆ ಮಾತಿನ ಸಾರ.

ಸತ್ತವರಿಗೂ ಮತ ಬೇಕೆ? ಹಲವರು ಇದನ್ನು ಕೇಳಿ ರೇಗಿದರು. ಆದರೆ ಮಾತನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವಂತಿಲ್ಲ. ತಲೆ ಎಣಿಸುವುದೇ ನ್ಯಾಯವೆಂದಾಗ, ಆ ತಲೆಗಳು ಹಾಗೆ ಹೆಚ್ಚು ಕಡಮೆಯಾದದ್ದು ಹೇಗೆಂದು ಕೇಳಬಾರದೆ? ಕೇಳಬಹುದು. ಆದರೆ ಕೇಳತೊಡಗಿದರೆ ಕೊನೆಯೆಲ್ಲಿ? ಬರದಲ್ಲಿ ಸತ್ತವರು, ವಲಸೆ ಹೋದವರು, ಗುಲಾಮರಾಗಿ ಸಾಗಿಸಲ್ಪಟ್ಟವರು ಎಲ್ಲರೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಹಳೆಯ ಅನ್ಯಾಯಕ್ಕೆ ಪ್ರಾಯಶ್ಚಿತ್ತ ಬೇಕು, ನಿಜ. ಮತದ ಪೆಟ್ಟಿಗೆ ಅದಕ್ಕೆ ತಕ್ಕ ಪಾತ್ರೆಯಲ್ಲ. ಕೊನೆಗೆ ಪೋಲೆಂಡಿನ ವರ್ಗಮೂಲ ಬಿದ್ದುಹೋಯಿತು. ೨೦೧೪ರ ನವೆಂಬರಿನಿಂದ ಜಾರಿಗೆ ಬಂದ ನಿಯಮದಂತೆ ಸಾಮಾನ್ಯವಾಗಿ ಒಂದು ಪ್ರಸ್ತಾವ ಗೆಲ್ಲಲು ದೇಶಗಳಲ್ಲಿ ನೂರಕ್ಕೆ ೫೫ರಷ್ಟು ಒಪ್ಪಬೇಕು, ಆ ದೇಶಗಳಲ್ಲಿ ಒಕ್ಕೂಟದ ನೂರಕ್ಕೆ ೬೫ರಷ್ಟು ಜನರೂ ಇರಬೇಕು. ಮೂರೇ ದೊಡ್ಡ ದೇಶಗಳು ಕೂಡಿ ಅದನ್ನು ತಡೆಯುವಂತಿಲ್ಲ. ದೇಶಕ್ಕೂ ಒಂದು ತಕ್ಕಡಿ, ಜನಕ್ಕೂ ಒಂದು ತಕ್ಕಡಿ.

ಇಷ್ಟು ಹೊತ್ತು ಲೆಕ್ಕಕ್ಕಿಲ್ಲದ ಮಗುವಿನ ಮಾತಾಯಿತು. ಬೀದಿಯ ಆಟದಲ್ಲಿ ಇನ್ನೊಬ್ಬ ಹುಡುಗನೂ ಇರುತ್ತಾನೆ. ಚೆಂಡು ಅವನದು. ಅವನನ್ನು ಔಟೆಂದರೆ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಹೊರಡುತ್ತಾನೆ. ರಾಷ್ಟ್ರಗಳ ಸಭೆಯಲ್ಲಿ ಈ ಚೆಂಡಿಗೆ ವಿಟೋ ಎಂದು ಹೆಸರು.

ಚೆಂಡಿನೊಡೆಯ ಮನೆಗೆ ಹೋದರೆ ಆಟ ನಿಲ್ಲುತ್ತದೆಯೆ? ೧೯೫೦ರ ಜೂನ್ ೨೫ರಂದು ಕೊರಿಯಾದಲ್ಲಿ ಯುದ್ಧ ಹತ್ತಿಕೊಂಡಾಗ ವಿಶ್ವಸಂಸ್ಥೆಯ ಭದ್ರತಾ ಮಂಡಲಿ ಕೂಡಿತು. ಆ ತಿಂಗಳು ಅದರ ಅಧ್ಯಕ್ಷ ಪೀಠದಲ್ಲಿದ್ದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ, ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಸರ್ ಬೆನೆಗಲ್ ನರಸಿಂಗರಾಯರು. ಕಮ್ಯೂನಿಸ್ಟ್ ಚೀನಕ್ಕೆ ಮಂಡಲಿಯಲ್ಲಿ ಸ್ಥಾನ ಕೊಡಲಿಲ್ಲವೆಂದು ಸೋವಿಯತ್ ರಷ್ಯ ಜನವರಿಯಿಂದಲೇ ಸಭೆಯನ್ನು ಬಹಿಷ್ಕರಿಸಿತ್ತು. ಅದರ ಕುರ್ಚಿ ಖಾಲಿ. ಆ ಕುರ್ಚಿಯಲ್ಲಿ ಯಾರಾದರೂ ಕುಳಿತು 'ಇಲ್ಲ' ಎಂದಿದ್ದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತಿತ್ತು. ಮಂಡಲಿ ಆ ಖಾಲಿತನವನ್ನು 'ಇಲ್ಲ'ವೆಂದು ಎಣಿಸಲಿಲ್ಲ. ೨೭ರಂದು ದಕ್ಷಿಣ ಕೊರಿಯಾಕ್ಕೆ ನೆರವು ಕೊಡಬೇಕೆಂಬ ನಿರ್ಣಯಕ್ಕೆ ಏಳು ಮತ ಬಿತ್ತು. ಹನ್ನೊಂದು ಜನರ ಮಂಡಲಿಯಲ್ಲಿ ಬೇಕಾದದ್ದೂ ಸರಿಯಾಗಿ ಏಳೇ. ದೆಹಲಿಯಿಂದ ಸೂಚನೆ ಬಾರದ್ದರಿಂದ ನರಸಿಂಗರಾಯರು ಮತ ಹಾಕಲಿಲ್ಲ, ಈಜಿಪ್ಟೂ ಹಾಕಲಿಲ್ಲ, ಯುಗೊಸ್ಲಾವಿಯ ವಿರೋಧಿಸಿತು. ಏಳು ಜನರಲ್ಲಿ ನಾರ್ವೆ, ಕ್ಯೂಬಾ, ಈಕ್ವಡಾರ್ ದೇಶಗಳೂ ಇದ್ದುವು. ಆ ದಿನ ಈಕ್ವಡಾರಿನ ಕೈಯೊಂದು ಇಳಿದಿದ್ದರೆ ನಿರ್ಣಯ ಬೀಳುತ್ತಿತ್ತು. ಮಹಾಶಕ್ತಿಯೊಂದು ಕುರ್ಚಿ ಬಿಟ್ಟು ಬಲ ಕಳೆದುಕೊಂಡಿತು. ಸಣ್ಣ ದೇಶವೊಂದು ಕುರ್ಚಿಯಲ್ಲಿದ್ದು ಲೆಕ್ಕಕ್ಕೆ ಬಂತು. ಆಗಸ್ಟ್ ೧ರಂದು ರಷ್ಯ ಮರಳಿ ಬಂದು ಕುಳಿತದ್ದರಲ್ಲಿ ಆಶ್ಚರ್ಯವಿಲ್ಲ.

ಹದಿನೈದು ವರ್ಷಗಳ ಮೇಲೆ ಇನ್ನೊಂದು ಕುರ್ಚಿ ಖಾಲಿಯಾಯಿತು. ರೋಮ್ ಒಪ್ಪಂದದಂತೆ ೧೯೬೬ರ ಜನವರಿಯಿಂದ ಹಲವು ವಿಷಯಗಳಲ್ಲಿ ಸರ್ವಾನುಮತ ಹೋಗಿ ಬಹುಮತ ಬರಬೇಕಾಗಿತ್ತು. ಫ್ರಾನ್ಸಿನ ಅಧ್ಯಕ್ಷ ಡಿಗಾಲ್ ಇದನ್ನು ಸಹಿಸಲಾರದವರು. ೧೯೬೫ರ ಜೂನ್ ಕೊನೆಗೆ ವ್ಯವಸಾಯದ ಹಣಕಾಸಿನ ಮಾತುಕತೆ ಮುರಿದದ್ದೇ ನೆಪವಾಗಿ ಫ್ರಾನ್ಸ್ ತನ್ನ ಪ್ರತಿನಿಧಿಗಳನ್ನು ಮಂಡಲಿಯಿಂದ ಹಿಂದಕ್ಕೆ ಕರೆಸಿಕೊಂಡಿತು. ಈ ಸಲ ಆಟ ಮುಂದುವರಿಯಲಿಲ್ಲ. ಏಳು ತಿಂಗಳು ಸಮುದಾಯದ ದೊಡ್ಡ ತೀರ್ಮಾನಗಳೆಲ್ಲ ಸ್ತಬ್ಧವಾದುವು. ಫ್ರಾನ್ಸಿಲ್ಲದ ಸಮುದಾಯವನ್ನು ಉಳಿದ ಐವರು ಕಲ್ಪಿಸಿಕೊಳ್ಳಲೂ ಆರದೆ ಇದ್ದರು. ಕಡೆಗೆ ೧೯೬೬ರ ಜನವರಿ ಕೊನೆಯಲ್ಲಿ ರಾಜಿಯಾಯಿತು. ಒಂದು ದೇಶದ ಅತಿ ಮುಖ್ಯ ಹಿತಕ್ಕೆ ಧಕ್ಕೆ ಬರುವಂತಿದ್ದರೆ ಎಲ್ಲರೂ ಒಪ್ಪುವ ದಾರಿಯನ್ನು ಹುಡುಕಬೇಕೆಂದು ಆರೂ ಜನ ಒಪ್ಪಿದರು. ಸಿಕ್ಕದಿದ್ದರೆ? ಸಿಗುವ ತನಕ ಮಾತಾಡುತ್ತಲೇ ಇರಬೇಕೆಂದಿತು ಫ್ರಾನ್ಸ್. ಉಳಿದವರು ಅದನ್ನು ಒಪ್ಪಲಿಲ್ಲ. ತಮ್ಮಲ್ಲಿ ಭಿನ್ನಾಭಿಪ್ರಾಯವಿದೆ ಎಂದೇ ಬರೆದಿಟ್ಟು ಎದ್ದರು. ನಿಯಮದ ಪುಸ್ತಕದಲ್ಲಿ ಇಲ್ಲದ ವಿಟೋ ಹೀಗೆ ರೂಢಿಯಲ್ಲಿ ಬಂದು, ಮುಂದೆ ಎಷ್ಟೋ ವರ್ಷ ಆ ಮೇಜಿನ ಮೇಲೆ ಕುಳಿತಿತು.

ಈ ರಾಜಿ ನಡೆದದ್ದು ಎಲ್ಲಿ? ಲಕ್ಸೆಂಬರ್ಗ್ ನಗರದಲ್ಲಿ. ಸರದಿಯಂತೆ ಅಧ್ಯಕ್ಷತೆ ಆಗ ಲಕ್ಸೆಂಬರ್ಗಿನದಾಗಿತ್ತು; ಸಭೆ ನಡೆಸಿದವರು ಆ ದೇಶದ ಪಿಯರ್ ವೆರ್ನರ್. ಯಾರ ಮತಕ್ಕೆ ಲೆಕ್ಕವಿರಲಿಲ್ಲವೋ ಅವರ ಮನೆಯಲ್ಲಿ, ಅವರ ಅಧ್ಯಕ್ಷತೆಯಲ್ಲಿ, ಚೆಂಡಿನೊಡೆಯನನ್ನು ಆಟಕ್ಕೆ ಮರಳಿ ಕರೆಯಲಾಯಿತು!

ಇಲ್ಲಿ ಓದುಗರೊಬ್ಬರು ಆಕ್ಷೇಪವೆತ್ತಬಹುದು. 'ಹಾಗಾದರೆ ಲಕ್ಸೆಂಬರ್ಗಿಗೆ ಆದ ನಷ್ಟವೇನು? ಸಮುದಾಯದ ನ್ಯಾಯಾಲಯ ಆ ನಗರದಲ್ಲಿದೆ. ಆ ಪುಟ್ಟ ನಾಡಿನ ಮೂವರು ಯೂರೋಪಿನ ಆಯೋಗದ ಅಧ್ಯಕ್ಷರಾದರು. ಜನ ಸಿರಿವಂತರಾದರು. ಮತದ ಲೆಕ್ಕ ಕಾಗದದ ಮೇಲಿನದು. ನಿಜವಾದ ಸಭೆಗಳಲ್ಲಿ ಎಲ್ಲರೂ ಮಾತಾಡಿ ಒಪ್ಪಿಯೇ ಮುಂದೆ ಸಾಗುತ್ತಾರಲ್ಲವೆ?' ಈ ಆಕ್ಷೇಪದಲ್ಲಿ ಹುರುಳಿದೆ. ಒಳ್ಳೆಯ ಮನೆಯಲ್ಲಿ ಯಾರೂ ಆಸ್ತಿಯ ಪತ್ರ ತೆಗೆದು ಓದುತ್ತ ಕುಳಿತುಕೊಳ್ಳುವುದಿಲ್ಲ. ಆದರೆ ಎರಡು ಮಾತು ಹೇಳಬೇಕಾಗಿದೆ. ಒಂದು, ಮಾತಾಡಿ ಒಪ್ಪುವಾಗಲೂ ಮತದ ನೆರಳು ಮೇಜಿನ ಮೇಲೆ ಬಿದ್ದೇ ಇರುತ್ತದೆ. ಕೊನೆಗೆ ಕೈ ಎಣಿಸಿದರೆ ಸೋಲುವುದು ಖಚಿತವೆಂದು ತಿಳಿದವನು ಮೊದಲೇ ಬಾಗುತ್ತಾನೆ. ತಾನಿಲ್ಲದೆ ನಡೆಯದೆಂದು ತಿಳಿದವನು ಕೊನೆಯ ತನಕ ಸೆಟೆದು ಕೂರುತ್ತಾನೆ. ಎರಡು, ನೆರೆಯವರ ಒಳ್ಳೆಯತನದಿಂದ ಬಂದ ಸುಖ ದಯೆ, ಅದು ಹಕ್ಕಲ್ಲ. ನೆರೆಯವರು ಒಳ್ಳೆಯವರಾಗಿರುವ ತನಕ ಇವೆರಡರ ವ್ಯತ್ಯಾಸ ಕಾಣುವುದಿಲ್ಲ. ಕಾಣುವ ದಿನ ಬಂದಾಗ ಅದನ್ನು ತಿದ್ದಲು ಸಮಯವಿರುವುದಿಲ್ಲ.

ನಿಯಮವನ್ನು ಮಾಡುವವನೇ ಆಟಗಾರನೂ ಆದಾಗ ಏನಾಗುತ್ತದೆಂಬುದಕ್ಕೆ ಅಂತರರಾಷ್ಟ್ರೀಯ ಹಣಕಾಸು ನಿಧಿಯನ್ನು ನೋಡಬಹುದು. ಅಲ್ಲಿ ಹಾಕಿದ ಹಣಕ್ಕೆ ಹೆಚ್ಚುಕಡಮೆ ಅನುಗುಣವಾಗಿ ಮತ. ಮಹತ್ತ್ವದ ತೀರ್ಮಾನಗಳಿಗೆ ಮೊದಲು ನೂರಕ್ಕೆ ೮೦ ಮತವೆಂದಿತ್ತು. ಅಮೆರಿಕದ ಪಾಲು ಇಳಿಯುತ್ತ ಬಂದಂತೆ ಅದು ೮೫ಕ್ಕೆ ಏರಿತು. ಇಂದು ಅಮೆರಿಕದ ಪಾಲು ಸುಮಾರು ಹದಿನಾರೂವರೆ. ವಿಟೋ ಎಂಬ ಶಬ್ದ ಎಲ್ಲಿಯೂ ಬೇಕಿಲ್ಲ. ಕಳೆಯುವ ಲೆಕ್ಕ ಬಂದರೆ ಸಾಕು. ಹೊಸ ದೇಶಗಳಿಗೆ ಹೆಚ್ಚು ಪಾಲು ಕೊಡುವ ಸುಧಾರಣೆಗೆ ನಿಧಿಯ ಆಡಳಿತ ೨೦೧೦ರಲ್ಲಿ ಒಪ್ಪಿದರೂ ಅಮೆರಿಕದ ಕಾಂಗ್ರೆಸ್ಸಿನ ಒಪ್ಪಿಗೆಗೆ ಕಾದು ಅದು ಜಾರಿಗೆ ಬಂದದ್ದು ೨೦೧೬ರ ಜನವರಿಯಲ್ಲಿ. ಜಗತ್ತಿನ ಆರು ಜನರಲ್ಲಿ ಒಬ್ಬರಿಗಿಂತ ಹೆಚ್ಚು ಜನರಿರುವ ಭಾರತದ ಮತ ಅಲ್ಲಿ ಇಂದಿಗೂ ನೂರಕ್ಕೆ ಮೂರನ್ನು ಮುಟ್ಟಿಲ್ಲ.

ಹಾಗೆಂದು ವಿಟೋ ಎಂಬುದನ್ನು ಬೇರುಸಹಿತ ಕೀಳಬೇಕೆ? ಇಲ್ಲಿ ನನಗೆ ಅಷ್ಟು ಧೈರ್ಯ ಸಾಲದು. ನನ್ನ ಮನೆಯ ಮಗನನ್ನು ಯುದ್ಧಕ್ಕೆ ಕಳುಹಿಸಬೇಕೆಂದು ಹತ್ತು ಮನೆಯವರು ಬಹುಮತದಿಂದ ತೀರ್ಮಾನಿಸಿದರೆ ನಾನು 'ಇಲ್ಲ' ಎನ್ನಬಲ್ಲವನಾಗಿರಬೇಕು. ಸಣ್ಣ ದೇಶಗಳಿಗೆ ಸರ್ವಾನುಮತವೇ ಕೋಟೆ. ಆದರೆ ಊರ ಕೆರೆಯ ತೂಬು ತೆಗೆಯುವ ಮಾತಿನಲ್ಲಿಯೂ ನಾನು ಅದೇ 'ಇಲ್ಲ'ವನ್ನು ಹಿಡಿದು ಕುಳಿತರೆ ಕೆಳಗಿನ ಗದ್ದೆಗಳು ಒಣಗುತ್ತವೆ. ತನ್ನದು ಯಾವುದು, ಊರಿನದು ಯಾವುದು ಎಂಬುದೇ ಇಲ್ಲಿನ ಧರ್ಮಸೂಕ್ಷ್ಮ. ೧೯೬೬ರ ರಾಜಿಯ ದೋಷ 'ಅತಿ ಮುಖ್ಯ ಹಿತ' ಎಂದು ಹೇಳಿದ್ದಲ್ಲ. ಅದು ಯಾವುದೆಂದು ಪ್ರತಿಯೊಬ್ಬನೂ ತನಗೆ ತಾನೇ ತೀರ್ಪು ಕೊಟ್ಟುಕೊಳ್ಳಲು ಬಿಟ್ಟದ್ದು. ೨೦೨೩ರ ಡಿಸೆಂಬರ್ ೧೪ರಂದು ಉಕ್ರೇನ್ ಜೊತೆ ಸದಸ್ಯತ್ವದ ಮಾತುಕತೆ ಆರಂಭಿಸಲು ಇಪ್ಪತ್ತೇಳು ದೇಶಗಳ ನಾಯಕರು ಬ್ರಸೆಲ್ಸಿನಲ್ಲಿ ಕೂಡಿದಾಗ, ಅದನ್ನು ವಿರೋಧಿಸುತ್ತಿದ್ದ ಹಂಗೆರಿಯ ಆಗಿನ ಪ್ರಧಾನಿ ಓರ್ಬಾನ್ ಕೋಣೆಯಿಂದ ಹೊರಗೆದ್ದು ಹೋದರು. ಉಳಿದ ಇಪ್ಪತ್ತಾರು ಜನ ತೀರ್ಮಾನ ಮಾಡಿದರು. ಅದೇ ರಾತ್ರಿ, ಉಕ್ರೇನಿಗೆ ಐದು ಸಾವಿರ ಕೋಟಿ ಯೂರೋ ನೆರವಿನ ಮಾತು ಬಂದಾಗ, ಅವರು ಒಳಗಿದ್ದು ತಡೆದರು. ಅದು ೨೦೨೪ರ ಫೆಬ್ರವರಿ ೧ರಂದು ಬಗೆಹರಿಯಿತು. ಖಾಲಿ ಕುರ್ಚಿಗೆ ೧೯೫೦ರಲ್ಲಿ ಒಂದು ಅರ್ಥ, ೧೯೬೫ರಲ್ಲಿ ಇನ್ನೊಂದು, ೨೦೨೩ರಲ್ಲಿ ಮತ್ತೊಂದು. ಕುರ್ಚಿ ತಾನಾಗಿ ಏನನ್ನೂ ಹೇಳುವುದಿಲ್ಲ. ಅದರ ಸುತ್ತಲಿನ ನಿಯಮವೂ ಕುಳಿತವರ ಮನಸ್ಸೂ ಹೇಳಿಸುತ್ತವೆ.

ಹಾಗಾದರೆ ನ್ಯಾಯವಾದ ನಿಯಮವನ್ನು ಗುರುತಿಸುವುದು ಹೇಗೆ? ನಮ್ಮ ಕೆಲವು ಕೂಡುಕುಟುಂಬಗಳಲ್ಲಿ ಆಸ್ತಿ ಹಂಚುವಾಗ ಹಿರಿಯನು ಪಾಲು ಮಾಡಿದರೆ ಕಿರಿಯನು ಮೊದಲು ಆರಿಸಿಕೊಳ್ಳುವ ಪದ್ಧತಿಯುಂಟು. ಯಾವ ಪಾಲು ತನಗೆ ಉಳಿಯುವುದೋ ತಿಳಿಯದೆ ಹಂಚುವವನ ಕೈ ತಾನಾಗಿ ನೇರವಾಗುತ್ತದೆ. ಮತದ ನಿಯಮ ಬರೆಯುವವರನ್ನೂ ಹೀಗೆ ಕೇಳಬೇಕು: ಈ ಮೇಜಿನ ಯಾವ ಕುರ್ಚಿ ನಿಮ್ಮದಾದರೂ ಒಪ್ಪುತ್ತೀರಾ? ಲಕ್ಸೆಂಬರ್ಗಿನ ಕುರ್ಚಿಯಾದರೆ? ಹಿಂಜರಿದರೆ ನಿಯಮದಲ್ಲಿ ಕೊರೆಯಿದೆ.

ಲೆಕ್ಕಕ್ಕಿಲ್ಲದ ಮಗುವೂ ಚೆಂಡಿನೊಡೆಯನೂ ಒಂದು ವಿಷಯದಲ್ಲಿ ಸಮಾನರು: ಇಬ್ಬರೂ ಎಂದಿಗೂ ಔಟಾಗುವುದಿಲ್ಲ. ಒಬ್ಬನ ಕೈಯಿಂದ ಫಲಿತಾಂಶ ತಿರುಗದು. ಇನ್ನೊಬ್ಬನ ಇಷ್ಟಕ್ಕೆ ವಿರೋಧವಾಗಿ ಫಲಿತಾಂಶ ಬಾರದು. ಆದಕಾರಣ ಇಬ್ಬರೂ ನಿಜವಾದ ಆಟಗಾರರಲ್ಲ. ಊರಿಗೆ ಸೇರಿದ ಮಾತಿನಲ್ಲಿ ಯಾರ ಕೈ ಒಮ್ಮೊಮ್ಮೆಯಾದರೂ ತೀರ್ಮಾನವನ್ನು ತಿರುಗಿಸಬಲ್ಲುದೋ, ಯಾರು ಒಮ್ಮೊಮ್ಮೆ ಸೋತು, ಸೋತೆನೆಂದು ಒಪ್ಪಿ, ಮರುದಿನವೂ ಅದೇ ಮೇಜಿಗೆ ಬರಬಲ್ಲರೋ ಅವರೇ ಸದಸ್ಯರು. ಆ ಪುಟ್ಟ ಮಗು ಕೂಡ ಒಂದು ದಿನ ಬೀದಿಯ ನಡುವೆ ನಿಂತು, 'ನಾನು ಔಟು! ಅವನು ನನ್ನನ್ನು ಮುಟ್ಟಿದ! ನನ್ನನ್ನು ಔಟೆನ್ನಿ!' ಎಂದು ಜಗಳವಾಡುತ್ತದೆ. ದೊಡ್ಡ ಮಕ್ಕಳು ನಗುತ್ತಾರೆ. ಆದರೆ ಅಂದೇ ಆ ಮಗು ಲೆಕ್ಕಕ್ಕೆ ಬರಲು ಯೋಗ್ಯವಾಯಿತೆಂದು ತಿಳಿಯಬೇಕು.